ಶೇಖರಮ್ಮನ ಮಾತ್ರೆಯ ಗಂಟೆ

ನಮ್ಮ ಮನೆಯಲ್ಲಿ ಎರಡು ಗಂಟೆಗಳಿದ್ದವು. ಒಂದು ದೇವರ ಜಗುಲಿಯ ಕಂಚಿನ ಗಂಟೆ. ಅದನ್ನು ನಾನು ಬಾರಿಸುತ್ತಿದ್ದೆ. ಇನ್ನೊಂದು ಪಡಸಾಲೆಯಲ್ಲಿಟ್ಟ ಕಂಪ್ಯೂಟರಿನ ಹೊಟ್ಟೆಯೊಳಗಿನ ಗಂಟೆ. ಅದು ತಾನಾಗಿಯೇ ಬಾರಿಸಿಕೊಳ್ಳುತ್ತಿತ್ತು. ಬೆಳಿಗ್ಗೆ ಎಂಟು ಹೊಡೆಯಿತೆಂದರೆ ಎರಡೂ ಕೂಡಿಯೇ ಬಾರಿಸುತ್ತಿದ್ದವು. ನನ್ನದು ಶಿವನಿಗಾಗಿ, ಕಂಪ್ಯೂಟರಿನದು ನನ್ನ ಹೆಂಡತಿ ಶೇಖರಮ್ಮನ ಬಿ.ಪಿ. ಮಾತ್ರೆಗಾಗಿ.

ಕಾರ್ತಿಕ ಮಾಸದಲ್ಲಿ ಶೇಖರಮ್ಮ ಲಿಂಗೈಕ್ಯಳಾದಳು. ಮರುದಿನ ಬೆಳಿಗ್ಗೆ ನಾನು ಗಂಟೆ ಬಾರಿಸಲಿಲ್ಲ. ಕಂಪ್ಯೂಟರು ಬಾರಿಸಿತು.

ಈ ಎರಡನೆಯ ಗಂಟೆಯನ್ನು ನಮ್ಮ ಮನೆಗೆ ತಂದವನು ಶೇಖರಮ್ಮನ ತಮ್ಮ ಬಸವಂತರಾಯ. ಅವನು ಲಿಂಗಸುಗೂರಿನಲ್ಲಿ ಬಹಳ ವರ್ಷ ಟೈಪಿಂಗ್ ಶಾಲೆ ನಡೆಸಿದವನು. ಒಂದು ದಿನ ಬೋರ್ಡಿನ ಮೇಲಿನ ‘ಟೈಪಿಂಗ್’ ಎಂಬುದನ್ನು ಅಳಿಸಿ ‘ಕಂಪ್ಯೂಟರ್’ ಎಂದು ಬರೆಸಿದ. ಅಂದಿನಿಂದ ಕೊರಳಿಗೆ ಟೈ ಕಟ್ಟತೊಡಗಿದ. ಲಿಂಗಸುಗೂರಿನ ಬಿಸಿಲಿನಲ್ಲಿ ಟೈ ಕಟ್ಟಿಕೊಂಡು ತಿರುಗುವವನು ಒಂದೋ ಔಷಧಿ ಕಂಪನಿಯ ಏಜೆಂಟ್, ಇಲ್ಲವೇ ನನ್ನ ಭಾವಮೈದುನ.

ಅವನ ಶಾಲೆಯ ಹಳೆಯ ಕಂಪ್ಯೂಟರೊಂದು ನಮ್ಮ ಸೊಸೆ ಅನ್ನಪೂರ್ಣಳಿಗೆ ಬಂತು. ಮಗ ಕಾಲುವೆ ಇಲಾಖೆಯಲ್ಲಿದ್ದು ವಾರದಲ್ಲಿ ನಾಲ್ಕಾರು ದಿನ ಕ್ಯಾಂಪಿನಲ್ಲೇ ಇರುತ್ತಾನೆ. ಸೊಸೆ ಮನೆಯಲ್ಲಿ ಕುಳಿತು ಲಗ್ನಪತ್ರಿಕೆ ತಯಾರು ಮಾಡುವ ಕೆಲಸ ಹಿಡಿದಳು. ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿಕೊಂಡಳು. ಮಸ್ಕಿಯ ಸುತ್ತಲಿನ ಮದುವೆಗಳೆಲ್ಲ ನಮ್ಮ ಪಡಸಾಲೆಯಿಂದಲೇ ಹೊರಡತೊಡಗಿದವು.

ಬಸವಂತರಾಯನಿಗೆ ಅಕ್ಕನ ಮೇಲೆ ಜೀವ. ಆಕೆ ಮಾತ್ರೆ ಮರೆಯುತ್ತಾಳೆಂದು, ಹೈದರಾಬಾದಿನಿಂದ ಯಾರೋ ತಂದ ಫ್ಲಾಪಿಯಿಂದ ಆ ಗಂಟೆಯನ್ನು ಕಂಪ್ಯೂಟರಿಗೆ ಹಾಕಿಕೊಟ್ಟ. ಎಂಟಕ್ಕೆ ಸರಿಯಾಗಿ ಟುಂಯ್ ಟುಂಯ್ ಎಂದು ಬಾರಿಸಿ, ಪರದೆಯ ನಟ್ಟನಡುವೆ ಒಂದು ಕೆಂಪು ಪೆಟ್ಟಿಗೆ ತೆರೆಯುತ್ತಿತ್ತು. ಅದರಲ್ಲಿ ಇಂಗ್ಲಿಷಿನಲ್ಲಿ, ‘ಶೇಖರಮ್ಮ, ಮಾತ್ರೆ ತೆಗೆದುಕೊಂಡಿರಾ?’ ಎಂದು ಬರೆದಿರುತ್ತಿತ್ತು. ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿ. ‘ಹೌದು’ ಒತ್ತಿದರೆ, ‘ಬಹಳ ಒಳ್ಳೆಯದು, ನೂರು ಕಾಲ ಬಾಳಿ’ ಎಂದು ತೋರಿಸಿ ಸುಮ್ಮನಾಗುತ್ತಿತ್ತು. ‘ಇಲ್ಲ’ ಒತ್ತಿದರೆ ತುಸು ಹೊತ್ತಿಗೆ ಮತ್ತೆ ಟುಂಯ್ ಟುಂಯ್. ಏನೂ ಒತ್ತದೆ ಬಿಟ್ಟರೂ ಟುಂಯ್ ಟುಂಯ್.

ಶೇಖರಮ್ಮ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಕಡೆಯ ದಿನವೂ ನುಂಗಿ, ‘ಹೌದು’ ಒತ್ತಿ, ನೂರು ಕಾಲದ ಹರಕೆ ಪಡೆದು, ಒಲೆಯ ಮೇಲಿನ ಹಾಲು ಇಳಿಸಲು ಹೋದಳು. ಹಾಲು ಉಕ್ಕಿತು. ಒಲೆಯ ಮುಂದೆ ಕುಸಿದ ಆಕೆ ಏಳಲಿಲ್ಲ.

ಇನ್ನು ನನ್ನ ವಿಷಯ. ಮಸ್ಕಿಯ ಬಜಾರಿನಲ್ಲಿ ಅಮರಗುಂಡಪ್ಪನ ಬಟ್ಟೆ ಅಂಗಡಿ ಎಂದರೆ, ಬಣ್ಣ ಬಿಡುವ ಸೀರೆಯನ್ನು ಬಣ್ಣ ಬಿಡುತ್ತದೆ ಎಂದು ಹೇಳಿಯೇ ಮಾರುವ ಅಂಗಡಿ ಎಂದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಅದು ದೊಡ್ಡದಾಗಲಿಲ್ಲ. ಕೊರಳಲ್ಲಿ ಲಿಂಗ ಇಟ್ಟುಕೊಂಡವನು ಸುಳ್ಳಾಡಬಾರದು ಎಂದು ನಮ್ಮ ತಂದೆ ಹೇಳಿಕೊಟ್ಟದ್ದನ್ನು ನಾನು ಮುರಿದಿರಲಿಲ್ಲ. ಹೀಗಿರುವಾಗ ಕೆಂಪು ಪೆಟ್ಟಿಗೆ ಬಂದು, ‘ಶೇಖರಮ್ಮ, ಮಾತ್ರೆ ತೆಗೆದುಕೊಂಡಿರಾ?’ ಎಂದು ಕೇಳಿದರೆ ಏನು ಹೇಳಲಿ?

“ಹೌದು ಅಂತ ಒತ್ರಿ ಮಾವಾರ, ಸುಮ್ನಾಗತೈತಿ” ಎಂದಳು ಅನ್ನಪೂರ್ಣ.

“ಆಕಿ ಮಾತ್ರಿ ತಗೊಂಡಾಳೇನವ್ವಾ?”

“ಇಲ್ರೀ.”

“ಹಂಗಾದ್ರ ಹೌದು ಅಂತ ಹೆಂಗ ಒತ್ತಲಿ? ಆಕಿ ಫೋಟೋ ಎದುರಿಗೇ ಐತಿ. ಆಕಿ ಹೆಸರ ಮ್ಯಾಲ ಈ ಮನ್ಯಾಗ ಯಾರೂ ಸುಳ್ಳ ಒತ್ತಬಾರದು. ನೀನೂ ಒತ್ತಬಾರದು!”

ಸೊಸೆ ಒತ್ತಲಿಲ್ಲ. ಗಂಟೆ ದಿನವಿಡೀ ಬಾರಿಸಿತು.

ಬಸವಂತರಾಯನಿಗೆ ಹೇಳಿ ಕಳಿಸಿದೆ. ಅವನು ಬಂದು ಕುರ್ಚಿಯ ಮೇಲೆ ಕುಳಿತು ಟೈಯನ್ನು ಹೆಗಲ ಹಿಂದಕ್ಕೆ ಎಸೆದ. ಪರದೆಯ ಮೇಲಿದ್ದ ಗಂಟೆಯ ಸಣ್ಣ ಚಿತ್ರವನ್ನು ಎಳೆದುಕೊಂಡು ಹೋಗಿ, ಅಲ್ಲೇ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರದೊಳಗೆ ಹಾಕಿದ.

“ಖತಂ. ಮುಗೀತು ಮಾವ. ರೊಟ್ಟಿ ಹಚ್ಚಾಕ ಹೇಳ್ರಿ.”

ರೊಟ್ಟಿ ಉಂಡು ಹೋದ. ಮರುದಿನ ಎಂಟಕ್ಕೆ ಟುಂಯ್ ಟುಂಯ್. ಗಂಟೆಯ ಚಿತ್ರವಷ್ಟೇ ಹೋಗಿತ್ತು, ಗಂಟೆ ಹೋಗಿರಲಿಲ್ಲ.

ಎರಡನೆಯ ಸಲ ಬಂದು, “ಕರೆಂಟ್ ತಗದು ಎರಡ ದಿನ ಉಪವಾಸ ಕೆಡವ್ರಿ, ತಾನಾ ಸಾಯತೈತಿ” ಎಂದ. ಕೆಡವಿದೆವು. ಮೂರನೆಯ ದಿನ ಸೊಸೆ ಒಂದು ಲಗ್ನಪತ್ರಿಕೆಯ ಅವಸರಕ್ಕೆ ಹಚ್ಚಿದಳು. ಆ ಪೆಟ್ಟಿಗೆ, ತಪ್ಪಿದ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಕೇಳತೊಡಗಿತು. ಮೊನ್ನೆಯದು ತೆಗೆದುಕೊಂಡಿರಾ? ನಿನ್ನೆಯದು ತೆಗೆದುಕೊಂಡಿರಾ? ಇಂದಿನದು? ನಮ್ಮ ಊರಿನ ಶಾಲೆಯಲ್ಲಿ ಹಾಜರಿ ಹಾಕುವ ಮಾಸ್ತರರೂ ಇಷ್ಟು ಕಠಿಣರಲ್ಲ.

ಮೂರನೆಯ ಸಲ ಬಸವಂತರಾಯ ಟೈ ಬಿಚ್ಚಿಟ್ಟು ಕುಳಿತ. ಆಗ ನಮಗೆ ಪರಿಸ್ಥಿತಿ ಗಂಭೀರವಾಗಿದೆಯೆಂದು ತಿಳಿಯಿತು. ಹುಡುಕಿ ಹುಡುಕಿ ಗಂಟೆಯನ್ನು ಬುಡಸಹಿತ ಕಿತ್ತುಹಾಕುವ ಜಾಗವೊಂದನ್ನು ಕಂಡುಹಿಡಿದ. ಅಲ್ಲಿ ಅದು ಪಾಸ್‌ವರ್ಡ್ ಕೇಳಿತು.

“ರೋಗಿ ಕಳ್ಳಾಟ ಆಡಿ ಗಂಟಿ ತಗದು ಒಗೀಬಾರದಂತ ಈ ಬಂದೋಬಸ್ತ್ ಇಟ್ಟಾರ. ಚಿಂತಿ ಇಲ್ಲ ಮಾವ, ಪಾಸ್‌ವರ್ಡ್ ನನಗ ಗೊತ್ತೈತಿ. ‘ಅಕ್ಕಾ, ನಿನ್ನ ಗಂಡನ ಹೆಸರ ಹಾಕು, ಸಾಯೂತನಾ ಮರೀಯಂಗಿಲ್ಲ’ ಅಂತ ನಾನಾ ಹೇಳಿದ್ದೆ.”

‘ಅಮರಗುಂಡಪ್ಪ’ ಎಂದು ಹೊಡೆದ. ತಪ್ಪು ಎಂದಿತು. ಇಂಗ್ಲಿಷಿನಲ್ಲಿ ಹೊಡೆದ. ತಪ್ಪು. ನಮ್ಮ ಮನೆತನದ ಹೆಸರನ್ನೂ ಕೂಡಿಸಿ ಹೊಡೆದ. ಅದೂ ತಪ್ಪು. ನಲವತ್ತು ವರ್ಷದ ಗಂಡ ನಾನು. ನನ್ನ ಹೆಸರು ನನ್ನ ಮನೆಯಲ್ಲೇ ನಡೆಯಲಿಲ್ಲ.

“ಇಡೀ ಕಂಪ್ಯೂಟರ್ ತೊಳದು ಹಾಕಬಹುದು ಮಾವ. ಆದ್ರ ಕನ್ನಡ ಅಕ್ಷರಾನೂ ತೊಳಕೊಂಡು ಹೋಗ್ತಾವ. ಅಕ್ಷರದ ಫ್ಲಾಪಿಗೆ ಬೂಷ್ಟು ಹಿಡದೈತಿ.”

“ಬ್ಯಾಡ್ರೀ ಮಾಮಾ!” ಎಂದು ಸೊಸೆ ಕಂಪ್ಯೂಟರಿಗೆ ಅಡ್ಡ ನಿಂತಳು. ಮುಂದೆ ಲಗ್ನಗಳ ಕಾಲ ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಗೊರೇಬಾಳದ ವೆಂಕೋಬ ಮಗಳ ಲಗ್ನಪತ್ರಿಕೆಗೆಂದು ಬಂದ. ಪರದೆಯ ಮೇಲೆ ಗಣಪತಿ, ಬಾಳೆಯ ಕಂಬ, ‘ಶುಭವಿವಾಹ’ ಎಲ್ಲ ಚೆಂದವಾಗಿ ಮೂಡಿದ್ದವು. ವೆಂಕೋಬ ಹಿಗ್ಗಿ ಕೈಮುಗಿಯುವಷ್ಟರಲ್ಲಿ ಗಣಪತಿಯ ಹೊಟ್ಟೆಯ ಮೇಲೆ ಕೆಂಪು ಪೆಟ್ಟಿಗೆ ತೆರೆಯಿತು. ವೆಂಕೋಬ ಹತ್ತನೆಯ ತರಗತಿಯವರೆಗೆ ಓದಿದವನು. ಬೆರಳಿಟ್ಟು ಓದಿದ.

“ಶೇ... ಖ... ರಮ್ಮ. ತಂಗೀ, ಶೇಖರಮ್ಮ ಅಂದ್ರ ನಿಮ್ಮತ್ತಿ ಅಲ್ಲೇನು?”

“ಹೌದ್ರೀ.”

“ತೀರಿಕೊಂಡ್ರಲ್ಲ?”

“ಹೌದ್ರೀ.”

“ಮತ್ತ ಇದ್ಯಾರಿಗೆ ಮಾತ್ರಿ ಕೇಳಾಕತ್ತೈತಿ?”

ಅನ್ನಪೂರ್ಣ ಉತ್ತರ ಕೊಡುವ ಮೊದಲೇ ವೆಂಕೋಬ ಚಪ್ಪಲಿ ಮೆಟ್ಟಿಕೊಂಡಿದ್ದ. ಪತ್ರಿಕೆ ಸಿಂಧನೂರಿನಲ್ಲಿ ಅಚ್ಚಾಯಿತೆಂದು ಆಮೇಲೆ ತಿಳಿಯಿತು. ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಅವನು ಸುಮ್ಮನೆ ಕುಳಿತಿರಲಿಲ್ಲ ಎಂಬುದೂ ತಿಳಿಯಿತು.

ಊರಲ್ಲಿ ಸುದ್ದಿ ಹಬ್ಬಿತು: ಶೇಖರಮ್ಮ ಹೋಗಿಲ್ಲ. ಮಾತ್ರೆ ಕೇಳಲು ದಿನಾ ಎಂಟಕ್ಕೆ ಬರುತ್ತಾಳೆ. ಎದುರುಮನೆಯ ಗದ್ದೆಮ್ಮ ನಮ್ಮ ಹೊಸ್ತಿಲಿಗೆ ಮೆಣಸಿನಕಾಯಿ ಪೋಣಿಸಿದ ನಿಂಬೆಹಣ್ಣು ತಂದು ಕಟ್ಟಿದಳು.

ಇದು ನನಗೆ ಸಹಿಸಲಾಗಲಿಲ್ಲ. ನಮ್ಮಲ್ಲಿ ಸತ್ತವರು ದೆವ್ವವಾಗುವುದಿಲ್ಲ. ಲಿಂಗ ಹೊತ್ತವರು ಲಿಂಗದಲ್ಲೇ ಕೂಡುತ್ತಾರೆ, ತಿರುಗಿ ಬರುವ ದಾರಿ ಇಲ್ಲ. ಶೇಖರಮ್ಮನ ಹಣೆಗೆ ನಾನೇ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಕೊಟ್ಟಿದ್ದೆ. ನಲವತ್ತು ವರ್ಷ ನನ್ನ ಪೂಜೆಗೆ ಹೂವು ಬಿಡಿಸಿದವಳನ್ನು ಒಂದು ಬಿ.ಪಿ. ಮಾತ್ರೆಗಾಗಿ ಅಲೆಯುವ ಪಿಶಾಚಿ ಎಂದರೆ? ಆ ಗಂಟೆ ನಿಲ್ಲುವ ತನಕ ಊರು ಆಕೆಯನ್ನು ಶಿವನ ಹತ್ತಿರ ಹೋಗಲು ಬಿಡುವುದಿಲ್ಲ ಎಂದು ನನಗೆ ಖಚಿತವಾಯಿತು.

ಬಜಾರಿನಲ್ಲಿ ಕಟ್ಟೆಯ ಮೇಲೆ ನಿಂತು ಇದನ್ನೆಲ್ಲ ವಿವರವಾಗಿ ಹೇಳಿದೆ. ಎಲ್ಲರೂ ತಲೆದೂಗಿದರು.

“ಬರೋಬ್ಬರಿ ಅಮರಗುಂಡಪ್ಪಾರ. ನಮ್ಮೋರು ತಿರುಗಿ ಬರಂಗಿಲ್ಲ.”

“ಬರಂಗಿಲ್ಲ.”

“ಖರೇ ಮಾತು. ಹಂಗಾದ್ರ ಮಾತ್ರಿ ಯಾರು ಕೇಳ್ತಾರ್ರೀ?”

ತಿಂಗಳ ಪೂಜೆಗೆ ನಮ್ಮ ಮಠದ ಅಯ್ಯನವರು ಬಂದಾಗ ಅವರ ಮುಂದೆ ಇಟ್ಟೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಗಂಟೆ ನಡುವೆ ಎರಡು ಸಲ ಬಾರಿಸಿತು.

“ಅಮರಗುಂಡಪ್ಪ, ಗಂಡ ಹೆಂಡ್ತಿ ಅಂದ್ರ ಎರಡ ದೇಹ ಏನು?”

“ಅಲ್ರೀ ಅಪ್ಪಾರ. ಒಂದಾ.”

“ಹಂಗಾದ್ರ ಆಕಿ ಮಾತ್ರಿ ನೀ ನುಂಗು. ಆಮ್ಯಾಲ ಹೌದು ಅಂತ ಒತ್ತು. ಸುಳ್ಳ ಆಗಂಗಿಲ್ಲ.”

ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲವಲ್ಲ ಎಂದು ಅವರ ಪಾದಕ್ಕೆರಗಿದೆ. ಅಡುಗೆಮನೆಯ ಡಬ್ಬಿಯಲ್ಲಿ ಆಕೆಯ ಮಾತ್ರೆಗಳು ಹಾಗೆಯೇ ಉಳಿದಿದ್ದವು. ದಿನಾ ಎಂಟಕ್ಕೆ ಒಂದು ನುಂಗಿ, ಲಿಂಗವನ್ನು ಕಣ್ಣಿಗೊತ್ತಿಕೊಂಡು, ‘ಹೌದು’ ಒತ್ತತೊಡಗಿದೆ. ‘ಬಹಳ ಒಳ್ಳೆಯದು, ನೂರು ಕಾಲ ಬಾಳಿ’ ಎಂದಿತು. ಮನೆ ಶಾಂತವಾಯಿತು. ಗದ್ದೆಮ್ಮ ತನ್ನ ನಿಂಬೆಹಣ್ಣಿನಿಂದಲೇ ಎಲ್ಲ ಸರಿಹೋಯಿತೆಂದು ಹೇಳಿಕೊಂಡಳು.

ನನಗೆ ಬಿ.ಪಿ. ಇರಲಿಲ್ಲ ಎಂಬುದನ್ನು ಅಯ್ಯನವರಾಗಲಿ ನಾನಾಗಲಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕೆಲವು ದಿನ ಭೂಮಿ ತುಸು ವಾಲಿದಂತೆ ಕಂಡಿತು. ಭಕ್ತಿ ಹೆಚ್ಚಾಗಿದೆ ಎಂದುಕೊಂಡೆ. ಒಂದು ದಿನ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತವನು ಗಾಡಿಯ ಮೇಲೆಯೇ ಬಿದ್ದೆ. ಕಣ್ಣು ಕತ್ತಲಾಗುವ ಮುಂಚೆ ಕೇಳಿದ ಕಡೆಯ ಮಾತು: “ಹೋದ ನೋಡ್ರೀ! ಕರಕೊಂಡ್ಲು ಆಕಿ!”

ಪಕ್ಕದ ಮನೆಯ ಖಾಜಾಸಾಬ್ ಬಾಡಿಗೆಯ ಜೀಪಿನಲ್ಲಿ ನನ್ನನ್ನು ಹಾಕಿಕೊಂಡು ಸಿಂಧನೂರಿನ ಒಂದು ಆಸ್ಪತ್ರೆಗೆ ಒಯ್ದ. ಸಂಗಡ ಶೇಖರಮ್ಮನ ಅಕ್ಕ ಶಿವಬಸಮ್ಮ ಬಂದಳು. ತಂಗಿ ತೀರಿದಾಗಿನಿಂದ ಆಕೆ ನಮ್ಮಲ್ಲೇ ಇದ್ದಳು.

ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಗಂಟಿಕ್ಕಿದರು.

“ಏನ್ ಮಾತ್ರಿ ತಗೋತೀರಿ?”

“ಬಿ.ಪಿ.ದು.”

“ನಿಮಗ ಬಿ.ಪಿ. ಎಲ್ಲೈತಿ? ಯಾರು ಬರಕೊಟ್ಟಾರ?”

“ನನಗಲ್ರೀ. ನನ್ನ ಹೆಂಡ್ತಿಗೆ ಬರಕೊಟ್ಟಿದ್ದು.”

“ನಿಮ್ಮ ಹೆಂಡ್ತಿ ಮಾತ್ರಿ ನೀವು ನುಂಗಿದ್ರ, ಆಕಿ ಏನ್ ನುಂಗ್ತಾಳ?”

“ಆಕಿ ಲಿಂಗೈಕ್ಯ ಆಗ್ಯಾಳ್ರೀ.”

ಡಾಕ್ಟರು ನರ್ಸಿನ ಮುಖ ನೋಡಿದರು. ನರ್ಸು ನನ್ನ ಹಾಸಿಗೆಯನ್ನು ಕಿಟಕಿಯಿಂದ ದೂರ ಸರಿಸಿದಳು. ಅಯ್ಯನವರ ಅಪ್ಪಣೆಯ ವಿಷಯ ಹೇಳಲು ನನಗೆ ಅವಕಾಶ ಸಿಗಲಿಲ್ಲ.

ಬಾಗಿಲಿನ ಆಚೆ ಕಾರಕೂನನೊಬ್ಬ ಶಿವಬಸಮ್ಮನನ್ನು ಮುಂದೆ ನಿಲ್ಲಿಸಿಕೊಂಡು ಬರೆದುಕೊಳ್ಳುತ್ತಿದ್ದ. ಮಲಗಿದಲ್ಲಿಂದಲೇ ನನಗೆ ಎಲ್ಲ ಕೇಳುತ್ತಿತ್ತು.

“ಪೇಶೆಂಟ್ ಸಂಗಡ ಬಂದಾಕಿ ನೀನೇನಮ್ಮಾ? ಹೆಸರು?”

“ಶಿವಬಸಮ್ಮ.”

“ಗಂಡನ ಹೆಸರು?”

ಮಾತಿಲ್ಲ.

“ಗಂಡ ಅದಾನೋ ಇಲ್ಲೋ?”

“ಬಿಡ್ತು ಅನ್ನಪಾ! ಗಟ್ಟಿ ಅದಾರ.”

“ಹಂಗಾದ್ರ ಹೆಸರ ಹೇಳು.”

“ಅದಾ... ನಮ್ಮ ಮಸ್ಕಿ ಗುಡ್ಡದ ಮ್ಯಾಲ ಯಾವ ದೇವ್ರು ಅದಾನಲ್ಲ, ಆ ದೇವ್ರು.”

“ಮಲ್ಲಿಕಾರ್ಜುನ?”

“ಅಷ್ಟ ಉದ್ದ ಅಲ್ಲ. ಅರ್ಧ.”

“ಅರ್ಜುನ?”

“ಅಯ್ಯ, ಆ ಅರ್ಧ ಅಲ್ಲಪಾ! ಈಚಿ ಕಡಿ ಅರ್ಧ.”

“ಎವ್ವಾ, ನನಗ ಊಟಕ್ಕ ಹೋಗೂದೈತಿ. ಬಾಯಿ ಬಿಟ್ಟು ಹೇಳಬೇ!”

“ನಮ್ಮವ್ವ ನಮಗ ಗಂಡನ ಹೆಸರ ಹೇಳೂದು ಕಲಿಸಿಲ್ಲ. ನೀ ಬೇಕಾದ್ರ ಅವಷದ ಕೊಡಬ್ಯಾಡ, ನಾ ಹೇಳಂಗಿಲ್ಲ.”

ಕೊನೆಗೆ ಖಾಜಾಸಾಬ್ ಓಡಿಬಂದು, “ಮಲ್ಲಪ್ಪ ಅಂತ ಬರ್ಕೊಳ್ರೀ ಸಾಬ್” ಎಂದ. ಶಿವಬಸಮ್ಮ ಆ ಹೆಸರು ಕಿವಿಗೆ ಬಿದ್ದದ್ದಕ್ಕೇ ಸೆರಗು ಎಳೆದುಕೊಂಡಳಂತೆ.

ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ಕೈಗೆ ಚುಚ್ಚಿದ್ದ ಸಲೈನಿನ ಸೂಜಿ ಕಿತ್ತುಬಂತು. ನರ್ಸು ಕೂಗಿದಳು. ನಾನೂ ಕೂಗಿದೆ: “ಖಾಜಾಸಾಬ್! ಜೀಪ್ ತಗಿ! ಆಕಿ ನನ್ನ ಹೆಸರ ಹಾಕಿಲ್ಲ!”

ಅಕ್ಕ ಬಾಯಿಂದ ಹೇಳದ ಗಂಡನ ಹೆಸರನ್ನು ತಂಗಿ ಬೆರಳಿಂದ ಹೊಡೆದಾಳೆಯೇ? ನಲವತ್ತು ವರ್ಷದಲ್ಲಿ ಒಮ್ಮೆಯೂ ಶೇಖರಮ್ಮ ನನ್ನ ಹೆಸರು ಉಚ್ಚರಿಸಿರಲಿಲ್ಲ. ಅದನ್ನು ಮರೆತು ನಾವು ಗಂಡಸರು ‘ಅಮರಗುಂಡಪ್ಪ’, ‘ಅಮರಗುಂಡಪ್ಪ’ ಎಂದು ಹೊಡೆಯುತ್ತ ಕುಳಿತಿದ್ದೆವು.

ಡಾಕ್ಟರು ಆ ದಿನ ಬಿಡಲಿಲ್ಲ. ಮರುದಿನ ಮನೆ ಸೇರಿದೆ. ಲಿಂಗಸುಗೂರಿನಿಂದ ಬಸವಂತರಾಯ ಬಂದ. ಪಡಸಾಲೆಯಲ್ಲಿ ಸೊಸೆ, ಶಿವಬಸಮ್ಮ, ಖಾಜಾಸಾಬನ ಹೆಂಡತಿ ಲಾಲ್‌ಬೀ ಎಲ್ಲ ನೆರೆದರು. ಗದ್ದೆಮ್ಮ ಕರೆಯದೆಯೇ ಬಂದಿದ್ದಳು.

“ಆಕಿ ಪಾಸ್‌ವರ್ಡ್ ಹೊಡಿಯೂದು ನೀ ಕಣ್ಣಿಂದ ನೋಡಿದಿಯೇನಲೇ?” ಎಂದು ಕೇಳಿದೆ.

“ಹೊಡಿಯುವಾಗ ಮಾರಿ ಆಕಡಿ ಮಾಡಬೇಕು ಮಾವ. ಅದು ಪದ್ಧತಿ.”

“ಪದ್ಧತಿ ನಿನಗೊಂದಾ ಐತೇನು? ಆಕಿಗೂ ಇತ್ತು. ಹೊಡಿ, ‘ಅವರು’ ಅಂತ ಹೊಡಿ.”

ಹೊಡೆದ. ತಪ್ಪು. ‘ಇವರು’ ತಪ್ಪು. ‘ರೀ’ ತಪ್ಪು. ‘ನಮ್ಮನಿಯವರು’ ತಪ್ಪು. ಮಗನ ಹೆಸರಿಗೆ ‘ಅಪ್ಪ’ ಕೂಡಿಸಿದ್ದೂ ತಪ್ಪು. ‘ದೇವರು’ ಎಂದು ಹೊಡೆಯಲು ನಾನೇ ಸೂಚಿಸಿದೆ. ಶಿವಬಸಮ್ಮ ಕೆಮ್ಮಿದಳು. ಅದೂ ತಪ್ಪಾಯಿತು.

ಲಾಲ್‌ಬೀ ಶಿವಬಸಮ್ಮನ ಕಡೆ ನೋಡಿದಳು. ಶಿವಬಸಮ್ಮ ಜಂತಿಯ ಕಡೆ ನೋಡಿದಳು. ಗದ್ದೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಣ್ಣಾರ, ಒಂದೀಟು ಹೊರಗ ಹೋಗ್ತೀರೇನು?” ಎಂದಳು ಲಾಲ್‌ಬೀ.

“ಯಾಕ?”

“ಶೇಖರಕ್ಕ ನಿಮಗ ಏನಂತಿದ್ಲು ಅಂತ ನಮಗ ಗೊತ್ತೈತಿ. ನಿಮ್ಮ ಮುಂದ ಹ್ಯಾಂಗ ಹೇಳಲಿ?”

“ನನ್ನ ಹೆಂಡ್ತಿ ನನಗ ಅಂದಿದ್ದು ನಾ ಕೇಳಬಾರದೇನು? ಖರೇ ಹೇಳು. ಈ ಮನ್ಯಾಗ ಖರೇ ಮಾತಿಗೆ ಯಾರೂ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಲಾಲ್‌ಬೀ ನೆಲ ನೋಡುತ್ತ ಹೇಳಿದಳು: “ಗದ್ದಲ.”

“ಏನು?”

“ಗದ್ದಲ ಅಂತಿದ್ಲು ಅಣ್ಣಾರ. ‘ಗದ್ದಲ ಅಂಗಡಿಗೆ ಹೋತು, ಬಾ ಲಾಲ್‌ಬೀ, ಚಾ ಕುಡಿಯೂಣು.’ ‘ಗದ್ದಲ ಬರೂ ಟೈಮಾತು, ಏಳ್ರಿ ಎಲ್ಲಾರೂ.’ ಹಿಂಗ.”

ಕೋಪ ನೆತ್ತಿಗೇರಿತು. ನಾನು ಎದ್ದು ನಿಂತು ಹೇಳಿದೆ: ನಾನು ಗದ್ದಲ ಮಾಡುವ ಮನುಷ್ಯನೇ ಅಲ್ಲ. ಬೆಳಿಗ್ಗೆ ಎದ್ದು ಶಿವನಾಮ ಹಾಡುತ್ತೇನೆ, ಗಂಟೆ ಬಾರಿಸುತ್ತೇನೆ; ಅದು ಭಕ್ತಿ. ವಿಭೂತಿ ಎಲ್ಲಿ, ಪಂಚೆ ಎಲ್ಲಿ, ಕನ್ನಡಕ ಎಲ್ಲಿ ಎಂದು ಕೂಗುತ್ತೇನೆ, ಅದು ಅಗತ್ಯ. ಸೊಪ್ಪಿಗೆ ಉಪ್ಪು ಹೆಚ್ಚಾದರೆ ಹೇಳುತ್ತೇನೆ; ಅದು ಸತ್ಯ. ಇದರಲ್ಲಿ ಗದ್ದಲ ಎಲ್ಲಿ ಬಂತು? ಎಲ್ಲಿ ಬಂತು ಹೇಳಿರಿ! ಹೀಗೆ ಬಹಳ ಹೊತ್ತು ಹೇಳಿದೆ. ನಿಲ್ಲಿಸಿ ನೋಡಿದರೆ ಬೀದಿಯ ಜನ ಕಿಟಕಿಯಲ್ಲಿ ನಿಂತಿದ್ದರು. ಕೆಂಪು ಪೆಟ್ಟಿಗೆಯ ಗಂಟೆ ಬಾರಿಸುತ್ತಿತ್ತಂತೆ; ನನ್ನ ದನಿಯಲ್ಲಿ ಯಾರಿಗೂ ಕೇಳಿಸಿರಲಿಲ್ಲ.

ಲಾಲ್‌ಬೀ ಮೆಲ್ಲಗೆ ಹೇಳಿದಳು: “ನಿಮಗ ಹ್ವಾದ ವರ್ಷ ಜ್ವರಾ ಬಂದು ಬಾಯಿ ಕಟ್ಟಿತ್ತಲ್ಲ ಅಣ್ಣಾರ. ಆವಾಗ ನಮ್ಮ ಮನೀಗೆ ಬಂದು ಅಳ್ತಿದ್ಲು. ‘ಗದ್ದಲ ಇಲ್ಲದ ಮನಿ ಮನಿಯಂಗ ಇಲ್ಲ ಲಾಲ್‌ಬೀ’ ಅಂತ.”

ನಾನು ಕುಳಿತುಕೊಂಡೆ. “ಹೊಡಿ” ಎಂದೆ.

ಬಸವಂತರಾಯ ಕನ್ನಡದ ಕೀಲಿಗಳನ್ನು ಹುಡುಕಿ ಹುಡುಕಿ ‘ಗದ್ದಲ’ ಎಂದು ಹೊಡೆದ. ಯಂತ್ರ ಈ ಸಲ ತಪ್ಪು ಎನ್ನಲಿಲ್ಲ. ಕೆಂಪು ಪೆಟ್ಟಿಗೆ ಹೋಗಿ ಒಂದು ಬಿಳಿಯ ಪೆಟ್ಟಿಗೆ ಬಂತು. ಅದರಲ್ಲಿಯೂ ಏನೋ ಬರೆದಿತ್ತು. ಕೆಳಗೆ ಅದೇ ಎರಡು ಗುಂಡಿ.

ಬಸವಂತರಾಯ ಓದಿದ. ಓದಿ ಕೀಲಿಗಳ ಮೇಲಿಂದ ಕೈ ತೆಗೆದ.

“ಏನಂತೈತಲೇ?”

“ಕಡೀದೊಂದು ಮಾತು ಕೇಳತೈತಿ ಮಾವ. ನಾ ಒತ್ತತೀನಿ ಬಿಡ್ರಿ.”

“ಏನ್ ಕೇಳತೈತಿ ಅದನ್ನ ಹೇಳು.”

ಅವನು ಟೈಯ ತುದಿಯಿಂದ ಕಣ್ಣು ಒರೆಸಿಕೊಂಡ. “ಶೇಖರಮ್ಮನ್ನ ತಗದು ಹಾಕಬೇಕಂತ ನಿಮ್ಮ ಮನಸಿನಾಗ ಖರೇನ ಐತೇನು, ಅಂತ.”

ಇಡೀ ಓಣಿಯಲ್ಲಿ ಗದ್ದಲವೇ ಇರಲಿಲ್ಲ.

ನಾನು ಬಸವಂತರಾಯನನ್ನು ಎಬ್ಬಿಸಿ ಆ ಕುರ್ಚಿಯ ಮೇಲೆ ಕುಳಿತೆ. ಎದುರಿಗೆ ಆಕೆಯ ಫೋಟೋ ಇತ್ತು. ಕೊರಳಲ್ಲಿ ಲಿಂಗವಿತ್ತು. ಸೊಸೆ ತೋರಿಸಿದ ಗುಂಡಿಯ ಮೇಲೆ ಬೆರಳಿಟ್ಟು ‘ಹೌದು’ ಎಂದು ಒತ್ತಿದೆ.

ಯಂತ್ರ ನಂಬಿತು.